ಅಂಗಿ ಲಂಡನ್‌ಗೆ, ಕರಾರು ಯಾರಿಗೆ?

ನಮ್ಮ ಹೊಸಹಳ್ಳಿ, ಕೂಡ್ಲಿಗಿ ಕಡೆಯಿಂದ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ದುಡಿಯೋಕೆ ಹೋಗೋರು ಇದ್ದಾರೆ. 2025ರ ಜುಲೈನಲ್ಲಿ ಭಾರತ-ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ ಕಾರ್ಮಿಕರಿಗೆಂದೇ ಒಂದು ಅಧ್ಯಾಯ ಇದೆ. ಆದರೆ ಅದನ್ನು ಮುರಿದರೆ ಮಾತುಕತೆ ಅಷ್ಟೇ. ಒಪ್ಪಂದದ ವ್ಯಾಜ್ಯ ವ್ಯವಸ್ಥೆಗೆ ಒಯ್ಯೋ ಹಾಗಿಲ್ಲ. ನಮ್ಮ ಐಟಿ ಭಾಷೆಯಲ್ಲಿ, ಪೆನಾಲ್ಟಿ ಇಲ್ಲದ ಎಸ್‌ಎಲ್‌ಎ!

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಘಟಕ ಮುಚ್ಚಿ, 1,200ಕ್ಕೂ ಹೆಚ್ಚು ಜನರ ಕೆಲಸ ಹೋಯ್ತು. ಹೆಚ್ಚಿನವರು ಹೆಣ್ಣುಮಕ್ಕಳು, ವಾರಗಟ್ಟಲೆ ಧರಣಿ ಕೂತರು. ಆಗ ನೆರವಿಗೆ ಬಂದದ್ದು ಸರ್ಕಾರಗಳ ಒಪ್ಪಂದ ಅಲ್ಲ. ಅಲ್ಲಿ ಬಟ್ಟೆ ಹೊಲಿಸುತ್ತಿದ್ದ ಎಚ್ ಆ್ಯಂಡ್ ಎಂ, ಜಾಗತಿಕ ಒಕ್ಕೂಟ ಇಂಡಸ್ಟ್ರಿಯಾಲ್ ಜೊತೆ ಮೊದಲೇ ಮಾಡಿಕೊಂಡಿದ್ದ ಕರಾರು. ಅದನ್ನು ಹಿಡಿದು ಒತ್ತಡ ಹಾಕಿದ ಮೇಲೆ, 2021ರಲ್ಲಿ ಮಾಲೀಕರು ಯೂನಿಯನ್ ಜೊತೆ ಮರುನೇಮಕಕ್ಕೆ ಸಹಿ ಹಾಕಿದರು.