ಕುರ್ಚಿ ಕೊಟ್ಟರಷ್ಟೇ ಸಾಲದು

ಆರೋಗ್ಯ ಸೇವೆಯ ಯೋಜನೆಯಲ್ಲೂ ಜಾರಿಯಲ್ಲೂ ಭಾಗವಹಿಸುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು 1978ರ ಆಲ್ಮಾ ಆಟಾ ಘೋಷಣೆ ಸಾರಿತು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆ ಮಾತನ್ನು ಸಮಿತಿಗಳ ರೂಪದಲ್ಲಿ ನಮ್ಮಲ್ಲಿಗೂ ತಂದಿತು. ಕರ್ನಾಟಕದ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಬಂತು, ಹಳ್ಳಿಗಳಿಗೆ ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ ಬಂತು. ಪಂಚಾಯಿತಿ ಸದಸ್ಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಜೊತೆಗೆ ಸೇವೆ ಪಡೆಯುವ ಸಾಮಾನ್ಯರಿಗೂ ಗ್ರಾಮ ಸಮಿತಿಯಲ್ಲಿ ಜಾಗ ಸಿಕ್ಕಿತು. ಜಾಗದ ಜೊತೆಗೆ ಮಾತೂ ಸಿಕ್ಕಿತೇ ಎಂಬುದು ಬೇರೆ ಪ್ರಶ್ನೆ. ತರಬೇತಿಗೂ ಬೆಂಬಲಕ್ಕೂ ಹಣ, ಸಮಯ ತೆಗೆದಿಡದ ಪ್ರಾತಿನಿಧ್ಯ ಜನರ ದನಿಯಾಗುವುದಿಲ್ಲ. ಅಧಿಕಾರಿಗಳ ನಿರ್ಧಾರಕ್ಕೆ ಜನರ ಹೆಸರಿನ ಮುದ್ರೆಯಾಗುತ್ತದೆ.

ಸಭೆ ನಡೆಯುವ ಬಗೆಯಲ್ಲೇ ಇದಕ್ಕೆ ಕಾರಣವಿದೆ. ವೈದ್ಯಾಧಿಕಾರಿಗೆ ಸಭೆಯೂ ಸಂಬಳದ ಕೆಲಸವೇ. ಕೂಲಿ ಮಾಡುವ ಹೆಣ್ಣುಮಗಳಿಗೆ ಅದು ಕೈತಪ್ಪಿದ ದಿನಗೂಲಿ. ಸುತ್ತೋಲೆ, ಖರ್ಚಿನ ಪಟ್ಟಿ, ಔಷಧ ದಾಸ್ತಾನಿನ ಲೆಕ್ಕ ಒಬ್ಬರಿಗೆ ನಿತ್ಯದ ಓದು. ಇನ್ನೊಬ್ಬರ ಕಣ್ಣಿಗೆ ಅವು ಬೀಳುವುದು ಸಭೆಯಲ್ಲೇ. ಮೇಲಾಗಿ, ಇಂದು ಪ್ರಶ್ನಿಸಬೇಕಾದ ವೈದ್ಯರ ಬಳಿಗೇ ನಾಳೆ ಜ್ವರ ಬಂದ ಮಗುವನ್ನು ಎತ್ತಿಕೊಂಡು ಹೋಗಬೇಕು. ಇಂಥಲ್ಲಿ ಸುಮ್ಮನಿರುವುದನ್ನು ಒಪ್ಪಿಗೆ ಎನ್ನಲಾಗದು, ಅಜ್ಞಾನ ಎನ್ನುವುದಂತೂ ಅನ್ಯಾಯ. ಹೀಗೆ ಪ್ರತಿನಿಧಿ ಕೋರಂ ತುಂಬಿಸಲು ಲೆಕ್ಕಕ್ಕುಂಟು, ತೀರ್ಮಾನದ ಆಟಕ್ಕಿಲ್ಲ. ನಡಾವಳಿ ಪುಸ್ತಕದಲ್ಲಿ ಮಾತ್ರ ಎಲ್ಲವೂ ಸರ್ವಾನುಮತ.

ಸಿದ್ಧತೆಯಿಂದ ಏನಾಗಬಲ್ಲದು ಎಂಬುದಕ್ಕೆ ಅಮೆರಿಕದ ಏಡ್ಸ್ ಚಳವಳಿ ಸಾಕ್ಷಿ. 1987ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ‘ಆಕ್ಟ್ ಅಪ್’ ಸಂಘಟನೆಯ ಹೆಚ್ಚಿನವರು ವೈದ್ಯಶಾಸ್ತ್ರ ಓದಿದವರಲ್ಲ. ಅವರಲ್ಲಿ ಕೆಲವರು ಅಧ್ಯಯನ ಕೂಟ ಕಟ್ಟಿಕೊಂಡು ಔಷಧ ಪ್ರಯೋಗದ ವಿಧಾನ ಕಲಿತರು. 1990ರ ಹೊತ್ತಿಗೆ ಸರ್ಕಾರಿ ಪ್ರಯೋಗ ಜಾಲದ ಸಮಿತಿಗಳ ಒಳಗೆ ಕೂತರು. ಪ್ರಯೋಗಕ್ಕೆ ಸೇರಿದವರು ಬೇರೆ ಔಷಧ ಮುಟ್ಟಬಾರದೆಂಬಂಥ ಕಟ್ಟುಪಾಡನ್ನು ಸಾವಿನ ಎದುರಿರುವವರು ಗುಟ್ಟಾಗಿ ಮುರಿಯುತ್ತಾರೆ, ಆಗ ಫಲಿತಾಂಶವೇ ಕೆಡುತ್ತದೆ ಎಂದು ವಿಜ್ಞಾನಿಗಳಿಗೆ ವಿಜ್ಞಾನದ ನೆಲೆಯಲ್ಲೇ ಮನಗಾಣಿಸಿದರು. ಅಲ್ಲಿನ ಸ್ತನ ಕ್ಯಾನ್ಸರ್ ಒಕ್ಕೂಟ 1995ರಲ್ಲಿ ‘ಪ್ರಾಜೆಕ್ಟ್ ಲೀಡ್’ ಎಂಬ ತರಬೇತಿ ಆರಂಭಿಸಿ, ರೋಗದಿಂದ ಪಾರಾದ ಮಹಿಳೆಯರಿಗೆ ಸಂಶೋಧನೆಯನ್ನು ಓದಿ ತೂಗುವುದನ್ನು ಕಲಿಸಿತು. ನಮ್ಮಲ್ಲೂ 2007ರಲ್ಲಿ ಕರ್ನಾಟಕ ಸೇರಿ ಒಂಬತ್ತು ರಾಜ್ಯಗಳಲ್ಲಿ ಸಮುದಾಯ ಆಧಾರಿತ ಮೇಲ್ವಿಚಾರಣೆಯ ಪ್ರಯೋಗ ನಡೆಯಿತು. ತರಬೇತಿ ಪಡೆದ ಹಳ್ಳಿಗರು ಸೇವೆಗಳಿಗೆ ಹಸಿರು, ಹಳದಿ, ಕೆಂಪು ಬಣ್ಣದ ಅಂಕಪಟ್ಟಿ ಸಿದ್ಧಪಡಿಸಿ ಜನಸಂವಾದದಲ್ಲಿ ಅಧಿಕಾರಿಗಳ ಮುಂದಿಟ್ಟರು. ಹೆಚ್ಚು ಓದಿಲ್ಲದವರೂ ಪುರಾವೆ ಹಿಡಿದು ಮಾತಾಡಬಲ್ಲರು ಎಂಬುದು ಇದರಿಂದ ಸ್ಪಷ್ಟ.

ತರಬೇತಿ ಕೊಟ್ಟರೆ ಸಾಮಾನ್ಯರೂ ಅರೆತಜ್ಞರಾಗಿ ತಮ್ಮವರಿಂದ ದೂರವಾಗುತ್ತಾರೆ ಎಂಬ ಆಕ್ಷೇಪವಿದೆ. ಇದು ಪೊಳ್ಳಲ್ಲ. ಆಕ್ಟ್ ಅಪ್‌ನಲ್ಲೇ ಚಿಕಿತ್ಸೆಯ ವಿಷಯದಲ್ಲಿ ಪರಿಣತರಾದವರಿಗೂ ಉಳಿದವರಿಗೂ ಬಿರುಕು ಮೂಡಿ, 1992ರಲ್ಲಿ ಆ ಪರಿಣತರು ಬೇರೆ ಗುಂಪಾದರು. ಆದರೆ ಇದಕ್ಕೆ ಮದ್ದು ಕಲಿಕೆಯನ್ನು ನಿಲ್ಲಿಸುವುದಲ್ಲ, ಕಲಿತವರನ್ನು ಕಳಿಸಿದವರಿಗೆ ಉತ್ತರದಾಯಿ ಮಾಡುವುದು: ನಿಗದಿತ ಅವಧಿ, ಸಭೆಯ ನಂತರ ಗ್ರಾಮಸಭೆಗೆ ವರದಿ, ಒಬ್ಬರ ಬದಲು ಇಬ್ಬರು ಪ್ರತಿನಿಧಿಗಳು. ಒಬ್ಬ ರೋಗಿ ಎಲ್ಲ ರೋಗಿಗಳ ಪರ ಹೇಗೆ ಮಾತಾಡಿಯಾರು ಎಂಬ ಪ್ರಶ್ನೆಗೂ ಇದೇ ಉತ್ತರ. ಇದಕ್ಕೆಲ್ಲ ಹಣವೆಲ್ಲಿ ಎನ್ನುವವರು ನೆನಪಿಡಬೇಕಾದ್ದು ಇಷ್ಟು: ಯಾರೂ ಬಳಸದ ಶೌಚಾಲಯಕ್ಕೆ, ಹೆರಿಗೆಗೆ ಬರುವವರಿಗೆ ಹೊಂದದ ಸಮಯದ ಸೇವೆಗೆ ಸುರಿದ ಹಣವೂ ಖರ್ಚೇ. ಅದು ವ್ಯರ್ಥವಾಗುತ್ತದೆಂದು ಮೊದಲೇ ಹೇಳಬಲ್ಲವರು ಸೇವೆಯನ್ನು ಬಳಸುವವರೇ.

ತರಬೇತಿಯೆಂದರೆ ಒಂದು ದಿನದ ಭಾಷಣ, ಊಟ, ಪ್ರಮಾಣಪತ್ರ ಅಲ್ಲ. ಬಜೆಟ್ ಓದುವುದು, ಪ್ರಶ್ನೆ ರೂಪಿಸುವುದು, ಭಿನ್ನಮತ ದಾಖಲಿಸುವುದು ಅದರ ತಿರುಳಾಗಬೇಕು. ಕಾರ್ಯಸೂಚಿ ಒಂದು ವಾರ ಮೊದಲೇ ಸರಳ ಕನ್ನಡದಲ್ಲಿ ಕೈಸೇರಬೇಕು; ಪ್ರಯಾಣದ ಖರ್ಚೂ ತಪ್ಪಿದ ಕೂಲಿಯೂ ಸಿಗಬೇಕು; ಕೊಟ್ಟ ಸಲಹೆ ಏನಾಯಿತೆಂದು ಮುಂದಿನ ಸಭೆಯಲ್ಲಿ ಬರಹದಲ್ಲಿ ಉತ್ತರ ಬರಬೇಕು. ಗ್ರಾಮ ಸಮಿತಿಯ ವಾರ್ಷಿಕ 10,000 ರೂಪಾಯಿ ಮುಕ್ತನಿಧಿಯಿಂದ ಇದೆಲ್ಲ ಆಗದು. ಸರ್ಕಾರ ಇದಕ್ಕೆಂದೇ ಪ್ರತ್ಯೇಕ ಅನುದಾನ ಇಡಬೇಕು. ಅಷ್ಟಕ್ಕೂ ಮನಸ್ಸಿಲ್ಲದಿದ್ದರೆ, ಜನರ ಸಹಭಾಗಿತ್ವದಿಂದ ನಡೆದ ತೀರ್ಮಾನವೆಂದು ಹೇಳಿಕೊಳ್ಳುವುದನ್ನಾದರೂ ಬಿಡಬೇಕು.