ಖಾಲಿ ಉಳಿದ ಚೀಟಿ

ಕಳೆದ ವರ್ಷ ನಮ್ಮ ಸಭೆಯ ಸ್ತ್ರೀಯರ ಕೂಟಕ್ಕೆ ಪರ ಊರಿನಿಂದ ಒಬ್ಬ ಬೋಧಕರು ಬಂದಿದ್ದರು. ದೇವರು ನಿಮ್ಮನ್ನು ಏತಕ್ಕಾಗಿ ಸೃಷ್ಟಿಸಿದ್ದಾನೆ ಎಂಬುದು ಅಂದಿನ ವಿಷಯ. ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು ಉತ್ತರ ಬರೆಯಿರಿ ಎಂದರು. ನಾನು ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆಪತ್ರಿಕೆ ಕೊಟ್ಟವಳು. ಕೇಳುವವರಿಗೆ ಬೇಕಾದ ಉತ್ತರ ಯಾವುದೆಂದು ನನಗೆ ಬೇಗ ತಿಳಿಯುತ್ತದೆ. ಗಂಡನಿಗೆ ತಕ್ಕ ಹೆಂಡತಿ, ಮಕ್ಕಳಿಗೆ ಒಳ್ಳೆಯ ತಾಯಿ ಎಂದು ಬರೆದೆ. ಉಳಿದವರೂ ಹೆಚ್ಚುಕಡಿಮೆ ಅದನ್ನೇ ಬರೆದಿದ್ದರು. 'ನೋಡಿ, ಇದೇ ಸ್ತ್ರೀಗೆ ದೇವರು ಕೊಟ್ಟ ಗುರುತು' ಎಂದು ಬೋಧಕರು ಸಂತೋಷಪಟ್ಟರು.

ನನ್ನ ಪಕ್ಕದಲ್ಲಿದ್ದ ಹಿರಿಯಕ್ಕ ಮಾತ್ರ ಏನೂ ಬರೆದಿರಲಿಲ್ಲ. ಅವರು ಮದುವೆಯಾದವರಲ್ಲ, ನರ್ಸ್ ಆಗಿ ದುಡಿದು ನಿವೃತ್ತರಾದವರು. ಖಾಲಿ ಚೀಟಿಯನ್ನು ನಾಲ್ಕಾಗಿ ಮಡಿಸಿ ಬೈಬಲಿನೊಳಗೆ ಇಟ್ಟುಕೊಂಡರು. ನನಗೆ ತಲೆ ಎತ್ತಲಾಗಲಿಲ್ಲ.

ಅಪೊಸ್ತಲ ಪೌಲನೂ ಹೆಂಡತಿಯಿಲ್ಲದೆ ಬದುಕಿದವನು. ಅವನಿಗೆ ಗುರುತಿಲ್ಲ ಎಂದು ಯಾವ ಬೋಧಕರಾದರೂ ಹೇಳಿದ್ದುಂಟೇ? ಗಂಡಸಿಗೆ ಕರೆ ದೇವರಿಂದ, ಹೆಂಗಸಿಗೆ ಮಾತ್ರ ಗಂಡನಿಂದ, ಮಕ್ಕಳಿಂದ. ಇದು ಯಾವ ನ್ಯಾಯ?

ಹವ್ವಳು ಸಹಕಾರಿಯಾಗಿ ಸೃಷ್ಟಿಯಾದವಳು, ಆದ್ದರಿಂದ ಅವಳು ಕೆಳಗಿನವಳು ಎನ್ನುತ್ತಾರೆ. ಅಲ್ಲಿರುವ ಇಬ್ರಿಯ ಮಾತು ಎಜೆರ್. ಬೆಟ್ಟಗಳ ಕಡೆ ಕಣ್ಣೆತ್ತಿ ಸಹಾಯ ಕೇಳುವ 121ನೆಯ ಕೀರ್ತನೆಯಲ್ಲಿ ದೇವರ ಸಹಾಯಕ್ಕೂ ಅದೇ ಮಾತನ್ನು ಬಳಸಿದೆ. ಹಾಗಾದರೆ ದೇವರೂ ನಮಗಿಂತ ಕೆಳಗಿನವನೇ?

ಅಡುಗೆಮನೆ ಎಂದರೆ ಕೀಳೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ನನ್ನ ತಾಯಿಯ ಕೈ ಅಡುಗೆಯಿಂದಲೇ ನಾನು ಬೆಳೆದೆ, ಓದಿದೆ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಎದ್ದುಬಂದ ಕರ್ತನೇ ಸಮುದ್ರದ ದಡದಲ್ಲಿ ಕೆಂಡ ಹೊತ್ತಿಸಿ, ರೊಟ್ಟಿ ಮೀನು ಸಿದ್ಧಮಾಡಿ ಶಿಷ್ಯರನ್ನು ಊಟಕ್ಕೆ ಕರೆಯುತ್ತಾನೆ. ಒಲೆಯ ಮುಂದೆ ಕೂರುವುದು ಸೇವೆಯಾದರೆ ಗಂಡಸರಿಗೂ ಅದು ಸೇವೆಯೇ. ಹೆಂಗಸಿನ ಗುರುತಿನ ಚೀಟಿಯಾಗಬೇಕಾಗಿಲ್ಲ.

ಮಾರ್ಥಳ ವಿಷಯವಾಗಿ ಎಷ್ಟು ಪ್ರಸಂಗ ಕೇಳಿದ್ದೇವೆ! ಎಲ್ಲದರಲ್ಲೂ ಅವಳು ಪಾತ್ರೆಗಳ ನಡುವೆ ಗೊಣಗುವವಳೇ. ಲಾಜರನು ಸತ್ತಾಗ ದಾರಿಯಲ್ಲೇ ಕರ್ತನನ್ನು ಎದುರುಗೊಂಡು, ನೀನೇ ಕ್ರಿಸ್ತನು ಎಂದು ಒಪ್ಪಿಕೊಂಡವಳೂ ಅವಳೇ. ಪೇತ್ರನು ಅದೇ ಮಾತು ಹೇಳಿದ್ದಕ್ಕೆ ಬಂಡೆ ಎನ್ನಿಸಿಕೊಂಡ. ಮಾರ್ಥಳನ್ನು ನಾವು ಮತ್ತೆ ಅಡುಗೆಮನೆಗೇ ಕಳುಹಿಸಿದೆವು. ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸುವ ಕೆಲಸವನ್ನು ಕರ್ತನು ಮಗ್ದಲದ ಮರಿಯಳಿಗೆ ಕೊಟ್ಟ. ಅವಳಿಗೆ ಗಂಡನಿದ್ದನೇ, ಮಕ್ಕಳಿದ್ದರೇ ಎಂದು ಸುವಾರ್ತೆ ಹೇಳುವುದೇ ಇಲ್ಲ. ಹೇಳಬೇಕೆಂದು ಬರೆದವರಿಗೆ ತೋರಿರಲಿಲ್ಲ.

ಬೋಧಕರನ್ನು ದೂರಿ ನಾನು ಪಾರಾಗುವಂತಿಲ್ಲ. ನನ್ನ ಮಗಳು ಪದವಿ ಮುಗಿಸಿ, ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜಿಗೆ ಸೇರುತ್ತೇನೆ, ಪಾದ್ರಿಯಾಗುತ್ತೇನೆ ಎಂದಿದ್ದಳು. ನಮ್ಮ ಚರ್ಚ್ ಆಫ್ ಸೌತ್ ಇಂಡಿಯಾ 1976ರಲ್ಲೇ ಒಬ್ಬ ಹೆಂಗಸಿಗೆ ಗುರುದೀಕ್ಷೆ ಕೊಟ್ಟಿತ್ತು. 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ ಆದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, 'ಅದು ದೇವರ ಚಿತ್ತವಲ್ಲ, ನಿನ್ನನ್ನು ಯಾರು ಮದುವೆಯಾಗುತ್ತಾರೆ' ಎಂದೆ. ಒಂದೇ ಉಸಿರಿನಲ್ಲಿ ಎರಡೂ ಮಾತು. ನನ್ನ ಭಯಕ್ಕೆ ನಾನು ಇಟ್ಟ ಹೆಸರು ದೇವರ ಚಿತ್ತ. ಅವಳು ಬ್ಯಾಂಕಿನ ಕೆಲಸಕ್ಕೆ ಸೇರಿದಳು. ಆ ಮಾತು ಮತ್ತೆ ಎತ್ತಲಿಲ್ಲ.

ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟ ಆಳಿನ ಕಥೆಯನ್ನು ಭಾನುವಾರದ ಶಾಲೆಯಲ್ಲಿ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಅವನು ತನಗೆ ಸಿಕ್ಕಿದ್ದನ್ನು ಹೂತಿಟ್ಟ. ನಾನು ಹೂತಿಟ್ಟದ್ದು ಮಗಳಿಗೆ ಸಿಕ್ಕಿದ್ದನ್ನು.

ಕೂಟ ಮುಗಿಸಿ ಮನೆಗೆ ಬಂದ ರಾತ್ರಿ ಮಗಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. 'ಈಗ ಯಾಕಮ್ಮ' ಎಂದಳು. ಉತ್ತರ ಹೇಳಲು ನನಗೆ ತಿಳಿಯಲಿಲ್ಲ. ಈ ವರ್ಷ ಅವಳೇ ಕಾಲೇಜಿನ ಅರ್ಜಿ ತರಿಸಿಕೊಂಡಿದ್ದಾಳೆ. ತುಂಬುತ್ತಾಳೋ ಇಲ್ಲವೋ, ಅದು ಅವಳಿಗೂ ದೇವರಿಗೂ ಬಿಟ್ಟದ್ದು. ನಾನು ನಡುವೆ ಬಾಯಿ ಹಾಕುವುದಿಲ್ಲ.

ನಿಮ್ಮ ಕೂಟದಲ್ಲೂ ಇಂಥ ಚೀಟಿ ಹಂಚಿದರೆ, ಸೋದರಿಯರೇ, ಅವಸರದಲ್ಲಿ ಬರೆಯಬೇಡಿ. ಪಕ್ಕದಲ್ಲಿ ಯಾರಾದರೂ ಬರೆಯದೆ ಕುಳಿತಿದ್ದರೆ ಅವರನ್ನು ಮೊದಲು ಮಾತಾಡಿಸಿ. ಆ ಅಕ್ಕನನ್ನು ನಾನು ಅಂದು ಮಾತಾಡಿಸಲಿಲ್ಲ.