ತಾಳ್ಮೆ ಯಾರಿಗಿರಬೇಕು?



ಮೊನ್ನೆ ಕೇರಿಯ ಸ್ಮಶಾನ ಜಾಗದ ವಿಷಯಕ್ಕೆ ಅರ್ಜಿ ಕೊಡೋಕೆ ಹೋಗಿದ್ವಿ. ಮೂರನೇ ಸಲ. ಸಾಹೇಬ್ರು ಅರ್ಜಿ ತಗೊಂಡು, "ಸ್ವಲ್ಪ ತಾಳ್ಮೆ ಇಟ್ಕೊಳ್ರಿ" ಅಂದ್ರು. ನಮ್ಮ ಮುಕ್ರಿ ಕೇರಿ, ಆಗೇರ ಕೇರಿಯವರು ಅಜ್ಜನ ಕಾಲದಿಂದ ಕೇಳ್ತಾ ಬಂದ ಮಾತಿದು. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಮಸ್ಕತ್ ನೆನಪಾಯ್ತು.

ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ಗಲ್ಫ್ ಹೊಸತಲ್ಲ. ಬಿ.ಎ. ಮುಗಿಸಿ ಊರಲ್ಲಿ ಕೆಲಸ ಸಿಗದೆ 2006ರಲ್ಲಿ ನಾನೂ ಹೋದೆ. ಸ್ಟೋರಿನ ಲೆಕ್ಕ ಬರೆಯುವ ಕೆಲಸ. ರೂಮಿನಲ್ಲಿದ್ದ ಹೊನ್ನಾವರದ ಕ್ರಿಶ್ಚಿಯನ್ ಗೆಳೆಯ ಒಂದು ದಿನ ರೂವಿಯ ಚರ್ಚಿಗೆ ಕರೆದುಕೊಂಡು ಹೋದ. ಅಲ್ಲಿ ರಜೆ ಶುಕ್ರವಾರ, ಹಾಗಾಗಿ ಜನ ಸೇರುವುದೂ ಶುಕ್ರವಾರವೇ. ನಾನು ಕ್ರಿಶ್ಚಿಯನ್ ಅಲ್ಲ, ಆಮೇಲೂ ಆಗಲಿಲ್ಲ. ಆದ್ರೆ ಕೂಲಿ ಕಾರ್ಮಿಕರಿಗೆ ಅರ್ಜಿ ಬರೆದುಕೊಡಲು ಅವರಿಗೆ ಜನ ಬೇಕಿತ್ತು. ಕೂತೆ.

ಒಂದು ವಾರ ಆಂಧ್ರದ ಹಿರಿಯರೊಬ್ಬರು ಬಂದ್ರು. ಕಟ್ಟಡ ಕೆಲಸ, ಮೂರು ತಿಂಗಳ ಸಂಬಳ ಬಾಕಿ. ಅರ್ಜಿಗೆ ಬೇಕಾದ್ದು ಹೆಸರು, ಪಾಸ್‌ಪೋರ್ಟ್ ನಂಬರ್, ಮೊತ್ತ. ಅವರು ಹರಕು ಹಿಂದಿಯಲ್ಲಿ ಮಗಳ ಮದುವೆಯಿಂದ ಶುರು ಮಾಡಿದ್ರು. "ಚಾಚಾ, ಮೊತ್ತ ಹೇಳಿ" ಅಂತ ಎರಡು ಸಲ ತಡೆದೆ. ಪಕ್ಕ ಕೂತಿದ್ದ ಮಲಯಾಳಿ ನರ್ಸ್ ನನ್ನ ಕೈಯಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟು, "ಮೊದಲು ಕೇಳು, ಆಮೇಲೆ ಬರಿ" ಅಂದ್ರು. ಅರ್ಧ ಗಂಟೆ ಕೇಳಿದೆ. ಕೊನೆಗೆ ಗೊತ್ತಾಯ್ತು, ಬಾಕಿ ಇದ್ದದ್ದು ಐದು ತಿಂಗಳದ್ದು. ಎರಡು ತಿಂಗಳದ್ದನ್ನು ಏಜೆಂಟ್ ಖರ್ಚಿಗೆ ಮುರ್ಕೊಂಡಿದ್ದಾರೆ ಅಂತ ಅವರೇ ಲೆಕ್ಕದಿಂದ ಬಿಟ್ಟಿದ್ರು. ನನ್ನ ಆತುರಕ್ಕೆ ಆ ದುಡ್ಡು ಅರ್ಜಿಯಲ್ಲೇ ಇರ್ತಿರಲಿಲ್ಲ.

ಊರಿಗೆ ಬಂದು ಗುಮಾಸ್ತನಾದೆ. ಈಗ ಒಂದು ತಪ್ಪು ಒಪ್ಕೊಳ್ತೇನೆ. ನಮ್ಮದೇ ಕೇರಿಯ ಒಬ್ಬ ಅಮ್ಮ ಕಾಗದ ಹಿಡಿದು ಬಂದಾಗ, ಅವರ ಮಾತು ಮುಗಿಯುವ ಮೊದಲೇ "ನಾಳೆ ಬನ್ನಿ" ಅಂದಿದ್ದೆ. ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಹಿಡಿದು ಬಂದಿದ್ರು ಅಂತ ಆಮೇಲೆ ತಿಳೀತು. ಆ ರಾತ್ರಿ ನಿದ್ದೆ ಬರಲಿಲ್ಲ. ಕುರ್ಚಿ ಸಿಕ್ಕಿದ ಕೂಡಲೇ ನಾನೂ ಅವರ ಹಾಗೇ ಆಗಿದ್ದೆ.

2012ರಿಂದ ನಮ್ಮಲ್ಲಿ ಸಕಾಲ ಇದೆ. ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಎಷ್ಟು ಜನ ಕೇಳಿ ತಗೊಂಡಿದ್ದೀರಿ? ನಾವು ಕೇಳೋದಿಲ್ಲ, ಯಾಕಂದ್ರೆ ಕಾಯುವುದೇ ಮರ್ಯಾದೆ ಅಂತ ನಮಗೆ ಕಲಿಸಿದ್ದಾರೆ.

ಆ ಚರ್ಚಿನ ಸಾಲಿನಲ್ಲಿ ಯಾವ ಜಾತಿ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಹಾಗಂತ ಚರ್ಚೆಲ್ಲ ಸ್ವರ್ಗ ಅಂತ ಹೇಳ್ತಿಲ್ಲ. ನಮ್ಮ ದೇಶದಲ್ಲಿ ಕ್ರೈಸ್ತರಾದ ದಲಿತರಿಗೆ ಸ್ಮಶಾನದಲ್ಲೂ ಬೇರೆ ಜಾಗ ತೋರಿಸಿದ ಊರುಗಳಿವೆ. 1950ರ ರಾಷ್ಟ್ರಪತಿ ಆದೇಶ ಅವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. 2007ರಲ್ಲಿ ರಂಗನಾಥ್ ಮಿಶ್ರಾ ಆಯೋಗ ಧರ್ಮದ ಷರತ್ತು ತೆಗೆಯಿರಿ ಅಂತ ವರದಿ ಕೊಟ್ಟಿತು. 2022ರಲ್ಲಿ ಮತ್ತೊಂದು ಆಯೋಗ. ಅವರಿಗೂ ಅದೇ ಮಾತು: ತಾಳ್ಮೆ.

ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಅಂದ್ರು. ನಾಗಪುರದಲ್ಲಿ ದೀಕ್ಷೆ ತಗೊಂಡದ್ದು 1956ರಲ್ಲಿ. ಆ 21 ವರ್ಷ ಅವರು ಕೈಕಟ್ಟಿ ಕೂತಿರಲಿಲ್ಲ. ಓದಿದ್ರು, ಸಂಘಟನೆ ಕಟ್ಟಿದ್ರು, ಸಂವಿಧಾನ ಬರೆದ್ರು.

ಕೇಳುವ ತಾಳ್ಮೆ ಟೇಬಲ್ಲಿನ ಒಳಗೆ ಕೂತವರಿಗೆ ಇರಲಿ, ನನ್ನನ್ನೂ ಸೇರಿಸಿ. ಹೊರಗೆ ನಿಂತವರು ಅರ್ಜಿಯ ಸ್ವೀಕೃತಿ ರಸೀದಿ ಕೇಳಿ ಪಡೆದು, ತಾರೀಕು ಬರೆದಿಟ್ಕೊಳ್ಳಿ. ಸ್ಮಶಾನದ ಅರ್ಜಿಗೆ ನಾಲ್ಕನೇ ಸಲ ಸೋಮವಾರ ಹೋಗ್ತೇವೆ. ಬರುವವರು ಬನ್ನಿ.

ಜೈ ಭೀಮ್.